ಹವಲ್ಲಿಯಲ್ಲಿ ಗುರುವಾರ ಸಂಜೆ

ಒಂದು ಕಿಸೆಯಲ್ಲಿ ಪೆನ್‌ಡ್ರೈವ್,
ಬೀಗದ ಕೈಯಷ್ಟೇ ಉದ್ದ, ಒಳಗೆ ಇಡೀ ಲಿನಕ್ಸ್.
ಇನ್ನೊಂದರಲ್ಲಿ ವಜೀಹ್ ಸಾಹೇಬರ ಚೀಟಿ:
ಐನೂರು ದಿನಾರ್, ಮೇಲೊಂದು ಫಿಲ್ಸೂ ಇಲ್ಲ.

ಸಹಿಗೆ ಮುಂಚೆ ಕನ್ನಡಕ ಹಣೆಗೇರಿಸಿ ಕೇಳಿದ್ದರು,
ಪುಕ್ಕಟೆ ಸಿಗುವ ಲಿನಕ್ಸಿಗೆ
ಇಷ್ಟು ದುಬಾರಿ ಪೆಟ್ಟಿಗೆ ಯಾಕಮ್ಮ?
ಸಮುದ್ರವೂ ಪುಕ್ಕಟೆಯೇ ಸಾರ್, ಎಂದೆ,
ನಮ್ಮ ಕಾರ್ಖಾನೆಯ ಖರ್ಚೆಲ್ಲ ಉಪ್ಪು ತೆಗೆಯಲಿಕ್ಕೆ.
ಅವರು ನಗಲಿಲ್ಲ. ಸಹಿ ಮಾತ್ರ ಹಾಕಿದರು.

ನನ್ನ ಕೆಲಸ ಇಷ್ಟೇ:
ಸಿಹಿನೀರು ಹಿಂಡಿಕೊಂಡು ನಾವು ವಾಪಸು ಬಿಡುವ ಕಡು ಉಪ್ಪು
ಕಡಲಲ್ಲಿ ಎತ್ತ ಹರಡುತ್ತದೆ,
ಸುತ್ತಿ ಬಳಸಿ ನಮ್ಮದೇ ಕೊಳವೆಯ ಬಾಯಿಗೆ ಬರುತ್ತದೋ
ಎಂದು ಲೆಕ್ಕ ಹಾಕುವುದು.
ಹಳೆಯ ಲ್ಯಾಪ್‌ಟಾಪಿಗೆ
ಒಂದು ದಿನದ ಉಬ್ಬರ ಇಳಿತ ಎಣಿಸಲು
ಒಂದೂವರೆ ದಿನ ಬೇಕು.
ಹೀಗಾಗಿ ಸಮುದ್ರ ಯಾವಾಗಲೂ
ನನಗಿಂತ ಅರ್ಧ ದಿನ ಮುಂದೆ.

ಹೊರಗೆ ನಲವತ್ತಾರು ಡಿಗ್ರಿ,
ಬೀದಿದೀಪಗಳಿಗೆ ಧೂಳು ಅರಿಸಿನ ಹಚ್ಚಿತ್ತು.
ಮೊದಲ ಅಂಗಡಿಯ ಹುಡುಗ ತೋರಿಸಿದ್ದು
ಕೀಲಿಗಳಡಿಯಲ್ಲಿ ಕಾಮನಬಿಲ್ಲು ಉರಿಯುವಂಥದ್ದು.
ರ‍್ಯಾಮ್ ಎಷ್ಟು ಅಂದರೆ
ಬಣ್ಣ ಹದಿನಾರು ಅಂದ.
ಎರಡನೆಯದು ನೀರುದೋಸೆಯಷ್ಟು ತೆಳು,
ಬೆಸುಗೆ ಹಾಕಿದ ಒಡಲು, ಬಿಚ್ಚಲು ಬಾರದು,
ಹುಟ್ಟುವಾಗ ಪಡೆದ ಬುದ್ಧಿಯಲ್ಲೇ ಸಾಯಬೇಕು.
ಮೂರನೆಯವನು ಪೆನ್‌ಡ್ರೈವ್ ಕಂಡದ್ದೇ ಕೈ ಅಡ್ಡ ಹಿಡಿದ:
ಹಾಡಿಸಬೇಡಿ, ನಡೆಸಿ ನೋಡಬೇಡಿ,
ಒಪ್ಪಿಗೆಯೋ ಇಲ್ಲವೋ ಅಷ್ಟು ಹೇಳಿ, ಎಂಬ ಧಾಟಿ.

ನಾಲ್ಕನೆಯದಕ್ಕೆ ಮೆಟ್ಟಿಲಿಳಿಯಬೇಕು.
ನೆಲಮಾಳಿಗೆಯಲ್ಲಿ ಒಬ್ಬರೇ, ಹಣೆಗೆ ದೀಪ ಕಟ್ಟಿಕೊಂಡು.
ಮುಚ್ಚಿದ ಯಾವುದೋ ಬ್ಯಾಂಕಿನಿಂದ ಬಂದ ಯಂತ್ರ,
ಕಪ್ಪು, ದಪ್ಪ, ಮೂಲೆ ಸವೆದದ್ದು.
ಮಗುಚಿ ಹಾಕಿ ಸ್ಕ್ರೂ ಎಣಿಸುತ್ತಿದ್ದೆ,
ಒಂದು, ಎರಡು, ಮೂರು...
ಏಳಿವೆ, ಎಂದರು ಅವರು ಕನ್ನಡದಲ್ಲಿ.
ಇರ್ಷಾದ್ ದಾಮುದಿ, ಭಟ್ಕಳ.
ಮೂವತ್ತು ವರ್ಷದ ಹಿಂದೆ ಇದೇ ಮೇಜಿನಲ್ಲಿ
ಅರಬ್ಬಿ ಟೈಪ್‌ರೈಟರ್ ರಿಪೇರಿ.
ಹಾಕಿ ನೋಡಿ, ಅಂದರು. ಹಾಕಿದೆ.

ಕಪ್ಪು ತೆರೆಯ ಮೇಲೆ ಬಿಳಿ ಸಾಲುಗಳು ಸರಸರ ಹತ್ತಿದವು.
ವೈಫೈ ಬಂತು. ಸದ್ದು ಬಂತು, ಬಲಗಡೆಯಿಂದ ಮಾತ್ರ.
ಇನ್ನು ನಿದ್ದೆಯ ಪರೀಕ್ಷೆ:
ಮುಚ್ಚಿದರೆ ಮಲಗಬೇಕು,
ತೆರೆದರೆ ಎದ್ದು, ಬಿಟ್ಟ ಮಾತಿನಿಂದಲೇ ಮುಂದುವರಿಯಬೇಕು.
ಸುಲೈಮಾನಿ ಕುಡಿಯುತ್ತ ಹತ್ತು ನಿಮಿಷ ಕಾದೆವು.
ಏಳಲಿಲ್ಲ.
ಮಲಗಿಯೇ ಇರಲಿಲ್ಲ ಅದು, ಒಳಗೊಳಗೇ ಕಾದಿತ್ತು.
ನನಗೆ ಅಂಥವರ ಪರಿಚಯ ಉಂಟು.
ಇರ್ಷಾದ್ ಬಯಾಸಿನಲ್ಲಿ ಏನೋ ಒಂದನ್ನು ಆರಿಸಿ
ಇನ್ನೊಂದನ್ನು ಹಚ್ಚಿದರು.
ಎರಡನೇ ಚಹಾಕ್ಕೆ ಎದ್ದಿತು.

ಏಳು ಸ್ಕ್ರೂ ಬಿಚ್ಚಿ
ಖಾಲಿ ಎರಡು ಗೂಡು ತೋರಿಸಿದರು,
ಮೂವತ್ತೆರಡು, ಮೂವತ್ತೆರಡು, ಟಕ್ ಟಕ್.
ನಾಳೆ ಇನ್ನೇನೋ ಬೇಕಾದರೆ
ನೀವೇ ಬಿಚ್ಚಬಹುದು, ನಾನು ಇರದಿದ್ದರೂ.
ನನ್ನ ಕಡಲ ಲೆಕ್ಕದ ಒಂದು ತುಣುಕು ಓಡಿಸಿದೆ.
ಫ್ಯಾನು ದೀರ್ಘವಾಗಿ ಉಸಿರೆಳೆದುಕೊಂಡಿತು.
ಅಡಿಗೆ ಅಂಗೈ ಇಟ್ಟೆ: ಬಿಸಿ, ಆದರೆ ಕೈ ತಾಳುವ ಬಿಸಿ.
ನಾನೂರ ಹತ್ತು ದಿನಾರ್. ಉಳಿದ ತೊಂಬತ್ತಕ್ಕೆ
ವಜೀಹ್ ಸಾಹೇಬರು ಹೆಚ್ಚು ಪ್ರಶ್ನೆ ಕೇಳುತ್ತಾರೆ, ಖಂಡಿತ.

ಫಹಾಹೀಲಿನ ಕೋಣೆಯಲ್ಲಿ ರಾತ್ರಿ ಇನ್‌ಸ್ಟಾಲ್ ಮಾಡಿದೆ.
ನಾನು ‘ಕ’ ಒತ್ತುವ ಕೀಲಿಯ ಮೇಲೆ ಅರಬ್ಬಿಯ ನೂನ್,
ಬಟ್ಟಲಿನಂಥ ಅಕ್ಷರ, ಮೇಲೊಂದು ಚುಕ್ಕೆ.
ಕನ್ನಡ ಯಾವ ಕೀಲಿಯ ಮೇಲೂ ಇಲ್ಲ,
ಬೆರಳೇ ನೆನಪಿಟ್ಟುಕೊಂಡಿದೆ.
ಕೊನೆಗೆ ಕೇಳಿತು: ಈ ಯಂತ್ರದ ಹೆಸರು?
ಆಫೀಸಿನಲ್ಲಿ ಆಗಲೇ ಒಂದು ಗಿಡುಗ, ಎರಡು ಚಿರತೆ,
ಹೋದ ವರ್ಷ ಸುಟ್ಟುಹೋದ ಒಂದು ಸಿಂಹ.
ಬಂಗುಡೆ, ಎಂದು ಬರೆದೆ.

ಬೆಳಿಗ್ಗೆ ಕಿಟಕಿ ತೆರೆದಾಗ
ಶುಕ್ರವಾರದ ಇಳಿತ ಇನ್ನೂ ಶುರುವಾಗಿರಲಿಲ್ಲ.
ಬಂಗುಡೆ ಆಗಲೇ
ಅಲ್ಲಿಗೆ ಹೋಗಿ ಬಂದಿತ್ತು.