ನಾಲ್ಕನೆಯ ದೋಣಿ

ಬೇರು ನೀರಿನಲ್ಲೇ ಇದೆ, ಹಗಲೂ ರಾತ್ರಿ.
ಬಾಯಾರಿಕೆ ಮಾತ್ರ ಹೋಗಿಲ್ಲ.

ಅಲ್ಮೇರಿಯಾದ ಈ ಬಯಲಿಗೆ ಪ್ಲಾಸ್ಟಿಕ್ಕೇ ಆಕಾಶ.
ಹಿನೆಸ್ ಬೆಲ್ಮೊಂತೆಯ ಹಸಿರುಮನೆಯಲ್ಲಿ ಮಣ್ಣೆಂದರೆ
ಬೂಟಿನ ಅಡಿಗಂಟಿ ಒಳಬಂದಷ್ಟೇ.
ನಾಲ್ಕು ಬಿಳಿ ದೋಣಿ, ಬೆರಳಾಳದ ನೀರು,
ಸೊಂಟಕ್ಕೆ ದಾರ ಕಟ್ಟಿಸಿಕೊಂಡು ಮೇಲೇರುವ ಟೊಮೇಟೊ.
ಒಂದನೆಯದಕ್ಕೆ, ಕಡಲನ್ನು ಸೋಸಿ ಲೀಟರಿನ ಲೆಕ್ಕದಲ್ಲಿ ಮಾರುವ ಸಿಹಿನೀರು.
ಎರಡಕ್ಕೆ, ಮೂರಕ್ಕೆ ಬೆರಕೆ.
ನಾಲ್ಕನೆಯದಕ್ಕೆ ಅವನಪ್ಪ ಕೊರೆಸಿದ ಬಾವಿಯದು, ಇದ್ದ ಹಾಗೇ:
ವರ್ಷಕ್ಕೊಂದು ಹೆಜ್ಜೆಯಂತೆ ಕಡಲು ನೆಲದೊಳಗೇ ನಡೆದು ಬಂದು
ಕಾಲು ತೊಳೆದುಕೊಂಡ ನೀರು.

ಬೆಳಿಗ್ಗೆ ಆರೂವರೆಗೆ ಮೀಟರಿನ ಮೂತಿ ಅದ್ದುತ್ತೇನೆ.
ಎರಡೂವರೆ. ನಾಲ್ಕು. ಆರು.
ಕೊನೆಯದರಲ್ಲಿ ಅಂಕಿ ಕೊಂಚ ತಡವರಿಸಿ
ಒಂಬತ್ತರಲ್ಲಿ ಕೂರುತ್ತದೆ.
ಬರೆದುಕೊಳ್ಳುವುದು ನನ್ನ ಕೆಲಸ.
ಮರುಗುವುದಕ್ಕೆ ಕಾಲಂ ಇಲ್ಲ.

ಉಪ್ಪು ತಿಂದವರು ನೀರು ಕುಡಿಯಲೇಬೇಕಂತೆ.
ಈ ಗಿಡದ ಪಾಲಿಗೆ ಗಾದೆ ಮಗುಚಿ ಬಿದ್ದಿದೆ:
ಉಪ್ಪಿರುವುದಕ್ಕೇ ಕುಡಿಯಲಾಗುತ್ತಿಲ್ಲ.
ನೀರಿನದು ಉಪ್ಪಿದ್ದ ಕಡೆಗೇ ವಾಲುವ ಬುದ್ಧಿ;
ಬೇರು ತನ್ನೊಳಗೆ ಅದಕ್ಕಿಂತ ಒಂದು ಕೈ ದಟ್ಟವಾಗದೆ
ಗುಟುಕೂ ದಕ್ಕದು.
ನಡುಹಗಲು ಎಲೆ ತನ್ನ ಕಾಣದ ಬಾಯಿಗಳನ್ನು
ಒಂದೊಂದಾಗಿ ಮುಚ್ಚುತ್ತದೆ, ಬೆವರೂ ಉಳಿಯಲೆಂದು.
ತಪ್ಪಿಸಿಕೊಂಡು ಒಳಬಂದ ಉಪ್ಪನ್ನು
ಕೆಳಗಿನ ಮುದಿ ಎಲೆಗಳ ತಲೆಗೆ ಹೊರಿಸುತ್ತದೆ ಗಿಡ.
ಅವು ಅಂಚಿನಿಂದ ಒಳಕ್ಕೆ ಸುಟ್ಟುಕೊಳ್ಳುತ್ತ ಬರುತ್ತವೆ,
ತುದಿಯ ಚಿಗುರಿಗೆ ಸುದ್ದಿ ತಲುಪದ ಹಾಗೆ.

ಆ ಎಲೆಗಳನ್ನು ಕೀಳುವವಳು ಯಾಮ್ನಾ,
ಕಡಲಾಚೆಯ ನದೋರಿನವಳು.
ಅವಳ ಬೆರಳಿಗೆ ಹತ್ತಿದ ಟೊಮೇಟೊ ಹಸಿರು
ಸೋಪಿಗೆ ಹಳದಿ ನೊರೆ ಕೊಡುತ್ತದೆ, ಬಿಡುವುದಿಲ್ಲ.
ಒಮ್ಮೆ ಸುಟ್ಟ ಅಂಚೊಂದನ್ನು ಸವರಿ ನೋಡಿ ಅಂದಳು:
"ಅಮ್ಮನ ಅಂಗೈ ಹೀಗೇ ಇತ್ತು,
ಮೀನಿಗೆ ಉಪ್ಪು ತುಂಬುತ್ತಿದ್ದಾಗ."
ಮುಂದೇನೂ ಹೇಳಲಿಲ್ಲ. ಟ್ರಾಲಿ ತಳ್ಳಿಕೊಂಡು ಹೋದಳು.

ಮಾರ್ಚಿಯಲ್ಲಿ ತೂಕ.
ಒಂದನೆಯ ದೋಣಿಯದು ಮುಷ್ಟಿಗಾತ್ರ, ಕೆಂಪು, ತುಂಬಿದ ಕೆನ್ನೆ.
ನಾಲ್ಕನೆಯದು ನಿಂಬೆಯಷ್ಟು, ಹೆಗಲಲ್ಲಿ ಇನ್ನೂ ಹಸಿರು.
ಒಂದು ಗಿಡಕ್ಕೆ ಹದಿನಾಲ್ಕು; ಆರರ ತಳ ಕಪ್ಪು, ಕುಳಿಬಿದ್ದು.
ಸುಣ್ಣದಂಶ ನೀರಿನಲ್ಲಿಲ್ಲ ಎಂದಲ್ಲ,
ಹಣ್ಣಿನ ತಳದವರೆಗೆ ಬರುವಷ್ಟರಲ್ಲಿ
ನೀರಿಗೇ ಕಾಲು ಸೋತಿರುತ್ತದೆ.

"ಅರ್ಧಕ್ಕರ್ಧ ಹೋಯಿತು," ಎಂದ ಹಿನೆಸ್, ತಕ್ಕಡಿಯ ಮುಖ ನೋಡದೆ.
ನೆಟ್ಟಗಿದ್ದ ಒಂದನ್ನು ಚಾಕುವಿನಿಂದ ಸೀಳಿದ.
ಅಭ್ಯಾಸ; ಜೇಬಿನ ಉಪ್ಪಿನ ಡಬ್ಬಿಗೆ ಕೈ ಹೋಯಿತು,
ಮೊದಲ ಹೋಳು ಅಷ್ಟರಲ್ಲೇ ಬಾಯಲ್ಲಿತ್ತು.
ಕೈ ಅಲ್ಲೇ ನಿಂತಿತು.

ಏನು ಸಿಹಿ ಅದು!
ನೀರು ಸಿಗದ ಹಣ್ಣು ತನ್ನನ್ನೇ ಕುದಿಸಿ
ಪಾಕಕ್ಕಿಳಿಸಿಕೊಂಡ ಹಾಗೆ.
ಅವನ ಕಣ್ಣಲ್ಲಿ ಆಗಲೇ ಮದ್ರಿದಿನ ಅಂಗಡಿ,
ಮರದ ಪುಟ್ಟ ಪೆಟ್ಟಿಗೆ, ಎರಡರಷ್ಟು ಬೆಲೆ.
ಕಷ್ಟಪಟ್ಟಿದ್ದಕ್ಕೇ ಇಷ್ಟು ರುಚಿ ಎಂದು
ಯಾರಾದರೂ ಅಂದುಬಿಡುವ ಮೊದಲೇ
ಕಪ್ಪು ತಳದ ಆರನ್ನೂ ಮೇಜಿನ ಮೇಲೆ
ಬೋರಲಾಗಿ ಸಾಲಾಗಿ ಇಟ್ಟೆ.

ಅವನು ತುಂಬ ಹೊತ್ತು ನೋಡಿದ.
"ಒಂಬತ್ತು ಬೇಡ. ಏಳಕ್ಕಿಳಿಸು."

ಯಾಮ್ನಾ ಬಂದು ಆ ಆರರ ತಳ ಕೊಯ್ದೆಸೆದು
ಮೇಲಿನರ್ಧಗಳನ್ನು ತನ್ನ ಚೀಲಕ್ಕೆ ಹಾಕಿಕೊಂಡಳು.
ಬರೆದುಕೊಳ್ಳಲಿಲ್ಲ ನಾನು.

ಮಾರನೆಯ ಬೆಳಿಗ್ಗೆ ಮೂತಿ ಅದ್ದಿದರೆ
ಏಳು ಎಂದಿತು ಮೀಟರು.
ದಾರಕ್ಕೆ ಜೋತುಬಿದ್ದಿದ್ದ ಗಿಡಕ್ಕೆ
ಅದು ಅಂಕಿಯಂತೆ ಕೇಳಿಸಲಿಲ್ಲವೋ ಏನೋ.