ಆರು ಸಿಟ್ಟಿಂಗ್

ಸಿಟ್ಟಿಂಗ್ ಅನ್ನುತ್ತಾರೆ, ಮಲಗಿಸುತ್ತಾರೆ.
ದಿನಕ್ಕೆ ಹತ್ತು ಗಂಟೆ ನಿಂತೇ ಇರುವ ನನಗೆ
ಎರಡೂ ಒಂದೇ.
ಮೈಸೂರು, ಸರಸ್ವತಿಪುರಂ, ಫೈರ್ ಬ್ರಿಗೇಡಿನ ಎದುರು,
ಮೂರನೇ ಮಹಡಿ. ಕೆಳಗೆ ಹೋಮಿಯೋಪತಿ, ಅದರ ಕೆಳಗೆ ಬೇಕರಿ.
ಮೆಟ್ಟಿಲಲ್ಲಿ ಯಾರಾದರೂ ಎದುರಾದರೆ
ಮಂಡಿನೋವು ಅನ್ನಬೇಕೆಂದು ಮೊದಲೇ ನೆನೆದುಕೊಂಡಿದ್ದೆ.

"ಸಾಕಮ್ಮ ಯಾರು?" ಕೂಗಿದಳು ಹುಡುಗಿ.
ಕುರ್ಚಿಗಳೆಲ್ಲ ತಿರುಗಿ ನೋಡಿದವು.
ಐದನೆಯದೂ ಹೆಣ್ಣಾದಾಗ ಅಪ್ಪ ಇಟ್ಟ ಹೆಸರು.
ಆ ಹೆಣ್ಣಿಗೇ ಹದಿನಾರಕ್ಕೆ ಮೀಸೆ ಚಿಗುರಿದಾಗ
ಅವ್ವ ಅಂದಳು:
"ನಿಮ್ಮಪ್ಪ ಗಂಡು ಕೇಳ್ದ, ದೇವ್ರು ಅರ್ಧ ಕೊಟ್ಟ ಕಣ್ ಮಗ."
ನಕ್ಕಳು. ಆಮೇಲೆ ಅರಿಸಿನ ಅರೆದಳು.

ಮಂಡ್ಯ ಡಿಪೋದಲ್ಲಿ ಆಗದ ಮಾತಿಗೆಲ್ಲ ಒಂದೇ ಗಾದೆ:
ಅತ್ತೆಗೆ ಮೀಸೆ ಬಂದರೆ ಮಾವ ಅನ್ನಬಹುದಿತ್ತು.
ಕ್ಯಾಶ್ ಕಟ್ಟಲು ನಾನು ಒಳಗೆ ಕಾಲಿಟ್ಟರೆ
ಗಾದೆ ಅರ್ಧಕ್ಕೆ ನಿಲ್ಲುತ್ತಿತ್ತು.
ನಿಲ್ಲಿಸದಿದ್ದರೇ ವಾಸಿಯಿತ್ತು.

ಬಲಗೈ ಮೆಷಿನ್ನಿಗೆ, ಎಡಗೈ ಗದ್ದಕ್ಕೆ,
ಕಂಬಿ ಹಿಡಿಯಲು ಇನ್ನೊಂದು ಬೇಕಿತ್ತು.
ಬ್ರೇಕು ಬಿದ್ದರೆ ಬೀಳುವುದಾದರೂ ಬಿದ್ದೇನು,
ಗದ್ದ ಬಿಡುತ್ತಿರಲಿಲ್ಲ.
ಇಂಡುವಾಳಿನ ಹತ್ತಿರ ಒಂದು ಮಗು:
"ಅಮ್ಮ, ಈ ಆಂಟಿಗೆ ಗಡ್ಡ ಐತೆ."
ತಾಯಿ ತೊಡೆ ಚಿವುಟಿದಳು.
ಅರ್ಧ ಟಿಕೆಟ್ಟೂ ಹರಿಯಲಿಲ್ಲ ನಾನು,
ನಿಜ ಹೇಳಿದ್ದಕ್ಕೆ ಅದು ಆಗಲೇ ತೆತ್ತಿತ್ತು.

ಹಿಂದಿನ ರಾತ್ರಿ ಬೋಳಿಸಿಕೊಂಡು ಬನ್ನಿ,
ಕೀಳಬೇಡಿ, ಬಿಸಿಲಿಗೆ ಹೋಗಬೇಡಿ.
ರೇಜರನ್ನು ಗಂಡನಿಗೆಂದು ಕೊಂಡೆ.
ಬಿಸಿಲಿಗೆ ಏನು ಹೇಳಲಿ,
ಅದು ಮಂಡ್ಯದಲ್ಲೇ ಹತ್ತಿ ಎಡಗಡೆಯ ಸೀಟು ಹಿಡಿಯುತ್ತದೆ.

"ರಬ್ಬರ್ ಬ್ಯಾಂಡ್ ಎಳೆದು ಬಿಟ್ಟಷ್ಟೇ ನೋವು."
ನೋಟಿನ ಕಂತೆಗೆ ದಿನಾ ಹಾಕುವವಳು, ಗೊತ್ತು ನನಗೆ ರಬ್ಬರ್ ಬ್ಯಾಂಡು.
ಇದು ಅದಲ್ಲ.
ಕಪ್ಪು ಕನ್ನಡಕದೊಳಗೂ ಕೆಂಪು ಮಿಂಚು,
ತಣ್ಣನೆಯ ಲೋಳೆ, ಚುರ್ರ್,
ಆಮೇಲೆ ವಾಸನೆ. ಗುತ್ತಲು ರಸ್ತೆಯಲ್ಲಿ ಭಾನುವಾರ
ಕುರಿಯ ತಲೆಕಾಲು ಸುಡುವಾಗ ಬರುತ್ತದಲ್ಲ, ಅದೇ.
ಎದುರಿಗೇ ಫೈರ್ ಬ್ರಿಗೇಡು! ನಗು ಬಂತು.
"ಅಲ್ಲಾಡಬೇಡಿ ಮೇಡಂ."
ಒಂದು ಸಲಕ್ಕೆ ಎರಡೂವರೆ ಸಾವಿರ, ಚೀಟಿ ಎತ್ತಿದ ದುಡ್ಡು.

ನಾಲ್ಕನೆಯದಕ್ಕೆ ನುಣ್ಣಗಾಯಿತು.
ತಿಂಗಳು ಕಳೆದ ಮೇಲೆ ಗಂಡ ಕೇಳಿದ:
"ಏನೋ ಬೇರೆ ಥರ ಕಾಣ್ತೀಯಲ್ಲ, ಸೋಪು ಬದಲಾಯ್ಸುದ್ಯಾ?"
ಹೂಂ ಅಂದೆ.
ಹತ್ತೊಂಬತ್ತು ವರ್ಷ, ಅವನು ಏಳುವ ಮೊದಲೇ ಎದ್ದು
ಬಚ್ಚಲ ಬಲ್ಬಿನ ಕೆಳಗೆ ಚಿಮ್ಮಟ ಹಿಡಿದು ನಿಂತದ್ದು
ಯಾರಿಗಾಗಿ ಎಂದು
ಆ ಹೂಂ ಇನ್ನೂ ಕೇಳುತ್ತಿದೆ.

ಆರನೆಯದು ಮುಗಿದರೂ ಎರಡು ಉಳಿದವು,
ಬಲದವಡೆಯ ಅಂಚಿಗೆ.
"ಇವು ಬಿಳಿ ಮೇಡಂ. ಬೆಳಕು ಕಪ್ಪನ್ನ ಮಾತ್ರ ಹಿಡಿಯುತ್ತೆ,
ಬಿಳಿದು ಅದಕ್ಕೆ ಕಾಣಲ್ಲ."
ಚೆಕಿಂಗಿನವರ ಕಣ್ಣು ತಪ್ಪಿಸಿ ಕೂತ ಇಬ್ಬರು ಮುದುಕಿಯರು.
ನನಗೂ ನಲವತ್ತೆರಡು.
ಕೂತಿರಲಿ ಅಂದುಕೊಂಡೆ.

ಕೂದಲು ಹೋಯಿತು, ಕೈ ಮಾತ್ರ ಹೋಗಲಿಲ್ಲ.
ಬಸ್ಸು ತುಂಬಿದರೆ ತಾನೇ ಗದ್ದಕ್ಕೆ ಏರುತ್ತದೆ.

ದಿನಕ್ಕೆ ಮುನ್ನೂರು ಆಧಾರ್ ಕಾರ್ಡು ನೋಡುತ್ತೇನೆ.
ಒಬ್ಬಳೂ ತನ್ನ ಫೋಟೋದ ಹಾಗಿಲ್ಲ.
ಹೆಬ್ಬೆರಳನ್ನು ಮುಖದ ಮೇಲೇ ಒತ್ತಿ ಚಾಚುತ್ತಾರೆ.
ನಿನ್ನೆ ಗಣಂಗೂರಿನಲ್ಲಿ ಹತ್ತಿದ ಹುಡುಗಿ,
ಕಾಲೇಜು ಬ್ಯಾಗು, ಕಣ್ಣಷ್ಟೇ ಬಿಟ್ಟು ವೇಲು ಸುತ್ತಿದ್ದಾಳೆ.
ಕಾರ್ಡಿಗೂ ಮುಖಕ್ಕೂ ಹೊಂದಬೇಕು, ನಿಯಮ.
ಗಂಟಿಗೆ ಕೈ ಹಾಕಿದಳು. ಅಂಚು ಒಂದಿಷ್ಟು ಸರಿಯಿತು.
ಮೇಲ್ದುಟಿಯ ಮೇಲೆ
ನನಗೆ ಗೊತ್ತಿರುವ ಊರು.

"ಸಾಕು ಬಿಡವ್ವ" ಅಂದೆ.
ಶೂನ್ಯ ಟಿಕೆಟ್ ಹರಿದು ಕೊಟ್ಟೆ,
ಎಡಗೈಯಿಂದ.
ಬಾಬುರಾಯನಕೊಪ್ಪಲಿಗೆ ಇಬ್ಬರು ಇಳಿಯುವವರಿದ್ದರು.
ಸೀಟಿ ಊದಿದೆ.