ಷರಾ

ಕರೀ ಬಟ್ಟೆ ವಡಗಾವಿಯದು. ಅಳೆದು ಹರಿಯುವಾಗ ನೇಕಾರ
"ಮೋರ್ಚಾಕ್ಕೇನ್ರಿ?" ಅಂತ ಮೆಲ್ಲಕ ಕೇಳಿದ್ದ.
ಕಿಡಕಿಗೆ, ಅಂದೆ.
ಪುಣೆ ಕಡೆ ಹೋಗೋ ಲಾರಿಗಳ ಕಣ್ಣು
ನನ್ನ ಸೀಸೆಗೆ ಬೀಳಬಾರದು.

ಸೀಸೆಯೊಳಗ ಒಣಗಿದ ಜೀವ, ಜೋಳದ ಕಾಳಿನಷ್ಟು.
ಎರಡು ಚಿಪ್ಪು, ನಡುವ ಒಂದು ಚೂರು ಸಮುದ್ರ.
ಜಪಾನಿನಿಂದ ಹೊಂಟು ಕಸ್ಟಮ್ಸಿನಾಗ ಹನ್ನೊಂದು ವಾರ ಕುಂತಿತ್ತು.
ಸತ್ತು ಎಷ್ಟು ವರ್ಷ ಆತೋ, ಲೇಬಲ್ಲಿನ ಮ್ಯಾಗ ಅಳಿಸೇದ.
ಕನ್ನಡದಾಗ ಇದಕ್ಕ ಹೆಸರಿಲ್ಲ. ನಾ ಒಂದು ಇಟ್ಟೇನಿ,
ಯಾರಿಗೂ ಹೇಳಿಲ್ಲ.

ಬದುಕಿದ್ದಾಗ ಇದರ ರೀತಿ ಹಿಂಗ:
ಮೀನು ಬಾಯಿ ತೆರೆದು ಬಂತು ಅಂದ್ರ
ತುಟಿಯ ಹಂತೇಕ ಎರಡು ರಸ ಉಗುಳತದ, ಬ್ಯಾರೆ ಬ್ಯಾರೆ.
ಅವು ಕೂಡೂದು ಹೊರಗ, ನೀರಿನಾಗ.
ನೀಲಿ ಅಲ್ಲೇ ನಿಲ್ಲತದ, ಮೀನು ನೀಲಿಯನ್ನ ಕಚ್ಚತದ,
ಇದು ಆಗಲೇ ಕತ್ತಲಾಗಿ ಆ ಕಡೆ ಹೋಗಿರತದ.
ಬೆಳಕು ಅಂದ್ರ ಜ್ಞಾನ ಅಂತ ಸಾಲ್ಯಾಗ ಹತ್ತು ಸಲ ಬರಿಸಿದ್ದರು.
ಈ ಕಾಳಿಗೆ ಯಾರೂ ಬರಿಸಲಿಲ್ಲ.

ಒಂದು ರಸದಾಗ ಮೂರು ಅಮಿನೋ ಆಮ್ಲ:
ಟ್ರಿಪ್ಟೊಫಾನ್, ಐಸೊಲ್ಯೂಸಿನ್, ಆರ್ಜಿನಿನ್.
ಟಿಳಕವಾಡಿಯ ಮಾಲೂತಾಯಿ ಖಾನಾವಳಿಯ
ತೊಗರಿಬ್ಯಾಳ್ಯಾಗೂ ಅವ ಈ ಮೂರೂ.
ಸಟ್ಟುಗ ತುಂಬ ಹಾಕತಾಳ, ಉಣ್ಣತೀವಿ,
ಬೆವರತೀವಿ, ತೇಗತೀವಿ,
ಒಬ್ಬರೂ ಇನ್ನೂತನಕ ಹೊಳದಿಲ್ಲ.
ಯಾವ ಕೈ ಮೂರನ್ನೂ ಕೂಡಿಸಿ ಹೊಲೀತದ, ಯಾವ ಕಿಣ್ವ?
ಮೂರು ವರ್ಷದಿಂದ ಇದೇ ಕೇಳಾಕತ್ತೇನಿ.
ಜೆಲ್ಲಿನ ಮ್ಯಾಗ ಒಂದು ಗೆರಿ ಬರತದ,
ಮರುದಿನ ಬರೂದಿಲ್ಲ.
ಒಣಗಿದ್ದರಾಗ ಆ ಕೈ ಉಳದದೋ ಇಲ್ಲೋ.

ಇವತ್ತು ಪತ್ರ ಬಂತು: ಡಾ. ನಾಗವೇಣಿ ಬೆಳಕೂಡ ಅವರಿಗೆ,
ಮಾರ್ಚ್ ಮೂವತ್ತೊಂದರ ತನಕ. ಮುಂದ ಅನುದಾನ ಇಲ್ಲ.
ಅತ್ತ ವಿದ್ಯಾರ್ಥಿ ಅಲ್ಲ, ಇತ್ತ ಅಕ್ಕೋರೂ ಅಲ್ಲ,
ಅಡ್ಡಹೆಸರಿನಾಗಷ್ಟ ಬೆಳಕು.

ಹತ್ತೂವರಿಗೆ ಭರಮಣ್ಣ ಪಾಚ್ಛಾಪುರೆ ರಜಿಸ್ಟರ ಹಿಡಕೊಂಡು ಬಂದ.
ಹಳೇ ಹವಾಲ್ದಾರ, ಬೂಟಿನ ಸಪ್ಪಳ ಇನ್ನೂ ಪರೇಡಿನದು.
"ದೀಪ ಆರಿಸೀರಿ, ಮತ್ತ ಒಳಗ ಕುಂತೀರಿ. ಏನಂತ ಬರೀಲಿ?"
"ಕೂಡ್ರಿ. ಕತ್ತಲಿ ಕಲಿಯಾಕ ಕಣ್ಣಿಗೆ ಇಪ್ಪತ್ತು ಮಿನಿಟು ಬೇಕು."
ಕುಂತ.
ಫ್ರೀಜರ ಗುಂಯ್ ಅಂತಿತ್ತು. ಮಳಿ ಬಂದಂಗಾಗಿ ಬರಲಿಲ್ಲ.

"ಹಿಂದ ಒಂದು ಯುದ್ಧದಾಗ ಸಿಪಾಯಿಗಳು
ಇದನ್ನ ಅಂಗೈಯಾಗ ತಿಕ್ಕಿ ನಕಾಶೆ ಓದತಿದ್ದರಂತ," ಅಂದೆ.
"ನಾವು ಬ್ಯಾಟರಿಗೆ ಕರವಸ್ತ್ರ ಸುತ್ತತಿದ್ವಿ," ಅಂದ.
ಆಮ್ಯಾಲ, "ನೀರು?"
"ಉಗುಳಿದರೂ ನಡೀತದ. ತಂಬಾಕ ಇಲ್ಲದ ಉಗುಳು."
ತಡವರಿಸುತ್ತ ಎದ್ದ, ನಲ್ಲಿ ಹುಡುಕಿ ಬಾಯಿ ಮುಕ್ಕಳಿಸಿ ಬಂದ.

ನಾಕು ಕಾಳು ಹಿಸುಕಿ ಅವನ ಅಂಗೈಯಾಗ ಹಾಕಿದೆ.
ಲೆಕ್ಕದ ಕಾಳು. ಲೆಕ್ಕ ತಪ್ಪಿತು, ತಪ್ಪಲಿ.

ಮೊದಲ ಏನೂ ಇಲ್ಲ.
ಆಮ್ಯಾಲ ಗೆರಿಗುಂಟ ಹರೀತು ನೀಲಿ,
ಆಯುಷ್ಯದ ಗೆರಿ, ಹೆಬ್ಬೆಟ್ಟಿನ ಬುಡದಾಗಿನ ಹಳೇ ಗಾಯ,
ಬಂದೂಕು ಹಿಡಿದ ಕಡೆ ಗಟ್ಟಿಯಾದ ಚರ್ಮ.
"ಸುಡವಲ್ಲದಲ್ರೀ," ಅಂದ,
ಯಾರದೋ ಮ್ಯಾಗ ತಕರಾರು ಹೇಳಿದಂಗ.

ತುಸು ಹೊತ್ತು ಮಾರಿ ಹಂತೇಕ ಒಯ್ದು ನೋಡಿದ.
ಮತ್ತ ಏನು ಹೊಳೀತೋ, ರಜಿಸ್ಟರ ತೊಡಿ ಮ್ಯಾಗ ಬಿಚ್ಚಿ
ಎಡಗೈ ಲಾಟೀನಿನಂಗ ಹಿಡಿದು, ಬಲಗೈಯಿಂದ ಬರದ:
ಕೋಣೆ ೧೪. ರಾತ್ರಿ ೧೧.೦೫. ದೀಪ ಆರಿದೆ.
ಷರಾ ಅನ್ನೋ ಖಾನೆಯಾಗ ಪೆನ್ನು ನಿಂತಿತು.

ನೀಲಿ ಕಡಿಮಿ ಆಗಾಕತ್ತಿತ್ತು.
ನಾ ಮನಸಿನಾಗ ಸೆಕೆಂಡು ಎಣಸಾಕತ್ತಿದ್ದೆ, ಚಟ.
"ಸಹಿ ಮಾಡ್ರಿ ಮೇಡಮ್," ಅಂದ,
"ಕಾಣೂತನಕ."